ಅನ್ನಪೂರ್ಣಾ ಸರ್ಕ್ಯೂಟ್‌ನಲ್ಲಿ ಹುಷಾರು ತಪ್ಪಿದರೆ, ಮನೆ ನೆನಪು ಕಾಡಿದರೆ: ಹಂತ ಹಂತವಾಗಿ ಏನು ಮಾಡಬೇಕು

ನೇಪಾಳದ ಅನ್ನಪೂರ್ಣಾ ಪರ್ವತಗಳನ್ನು ಸುತ್ತುವ ಚಾರಣದ ದಾರಿಯಲ್ಲಿ, ಪಿಸಾಂಗ್ ಊರಿನ ಲಾಡ್ಜ್ ಒಂದರಲ್ಲಿ ರಾತ್ರಿ ಎರಡು ಗಂಟೆಗೆ ನಾಲ್ಕನೇ ಸಲ ಎದ್ದು ಟಾಯ್ಲೆಟ್‌ಗೆ ಹೋದೆ. ಬಕೆಟ್ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಮಗ್ಗಿನ ತಳದಿಂದ ಕುಟ್ಟಿ ಒಡೆದು ನೀರು ತೆಗೆದುಕೊಂಡೆ. ವಾಪಸ್ ಬಂದು ಸ್ಲೀಪಿಂಗ್ ಬ್ಯಾಗ್‌ನಲ್ಲಿ ಮುದುಡಿ ಮಲಗಿದಾಗ ಮಾತ್ರೆ ಬೇಕು ಅಂತ ಅನ್ನಿಸಲಿಲ್ಲ. ಅಮ್ಮ ಮಾಡುವ ಮೆಣಸಿನ ಸಾರು ಬೇಕು ಅನ್ನಿಸಿತು. ಬೆಳಿಗ್ಗೆ ಜೀಪ್ ಹಿಡಿದು ಕೆಳಗಿಳಿಯೋದು, ಸೀದಾ ಮನೆಗೆ ಹೋಗೋದು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಹೋಗಲಿಲ್ಲ. ಎಂಟು ದಿನದ ಮೇಲೆ ಈ ದಾರಿಯ ಅತಿ ಎತ್ತರದ ಜಾಗ ಥೊರೊಂಗ್ ಲಾ ದಾಟಿದೆ. ಆದರೆ ಆ ರಾತ್ರಿ ನನಗೆ ಆಗಿದ್ದು ಒಂದು ಕಾಯಿಲೆ ಅಲ್ಲ, ಎರಡು. ಹೊಟ್ಟೆ ಕೆಟ್ಟಿತ್ತು, ಜೊತೆಗೆ ಮನೆ ನೆನಪು ಹಿಂಡುತ್ತಿತ್ತು. ಎರಡೂ ಒಂದೇ ತರ ಕಾಣುತ್ತವೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಕಾಲಲ್ಲಿ ಬಲ ಇರುವುದಿಲ್ಲ, ಯಾರ ಹತ್ತಿರವೂ ಮಾತು ಬೇಡ ಅನ್ನಿಸುತ್ತದೆ. ಕಷ್ಟ ಏನಂದ್ರೆ, ಎತ್ತರದ ಕಾಯಿಲೆ (ಮೇಲೆ ಹೋದಂತೆ ಆಮ್ಲಜನಕ ಕಡಿಮೆಯಾಗಿ, ಅದಕ್ಕೆ ಮೈ ಒಗ್ಗದೆ ಬರುವುದು) ಶುರುವಾಗುವುದೂ ಹೀಗೇ. ಅದಕ್ಕೇ ಈ ದಾರಿಯಲ್ಲಿ ಹುಷಾರು ತಪ್ಪಿದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇದು ಬೆಳಗಿನವರೆಗೆ ಕಾಯಬಹುದಾ, ಕಾಯಬಾರದಾ? ಕೆಳಗೆ ಬರೆದಿರುವ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ.

ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ನೇಪಾಳದ ಬೇಸಿಸಹರ್ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಚಾಮೆ (ಸುಮಾರು 2,670 ಮೀ.), ಪಿಸಾಂಗ್, ಮನಾಂಗ್ (ಸುಮಾರು 3,540 ಮೀ.), ಯಾಕ್ ಖರ್ಕಾ, ಥೊರೊಂಗ್ ಫೇಡಿ. ಆಮೇಲೆ 5,416 ಮೀಟರ್‌ನ ಥೊರೊಂಗ್ ಲಾ ಕಣಿವೆ (ಬೆಟ್ಟಗಳ ನಡುವಿನ ಎತ್ತರದ ದಾರಿ) ದಾಟಿ ಆ ಕಡೆ ಮುಕ್ತಿನಾಥಕ್ಕೆ ಇಳಿಯುವುದು. ಎಲ್ಲಿಯವರೆಗೆ ಜೀಪಿನಲ್ಲಿ ಹೋಗುತ್ತೀರಿ ಅನ್ನುವುದರ ಮೇಲೆ ಹತ್ತರಿಂದ ಹದಿನೆಂಟು ದಿನ ಬೇಕು.

ಹಂತ 1: ಹೊರಡುವ ಮೊದಲು

ತಿಂಗಳ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ. "ಟ್ರೆಕ್ಕಿಂಗ್ ಹೋಗ್ತಿದ್ದೀನಿ" ಅಂತ ಮಾತ್ರ ಹೇಳಿದರೆ ಸಾಲದು. "5,400 ಮೀಟರ್‌ವರೆಗೆ ಹೋಗ್ತೀನಿ, ಎರಡು ವಾರ ಆಸ್ಪತ್ರೆ ದೂರ ಇರುತ್ತೆ" ಅಂತ ಬಿಡಿಸಿ ಹೇಳಿ. ಬಿಪಿ, ಸಕ್ಕರೆ, ಅಸ್ತಮಾ ಇದ್ದರೆ ಮುಚ್ಚಿಡಬೇಡಿ. ಮೂರು ವಿಷಯ ಕೇಳಿ ಬರೆಸಿಕೊಳ್ಳಿ: ಭೇದಿ ಜೋರಾದರೆ ಯಾವ ಆಂಟಿಬಯೋಟಿಕ್, ವಾಂತಿಗೆ ಯಾವ ಮಾತ್ರೆ, ಎತ್ತರಕ್ಕೆ ಅಸೆಟಜೋಲಮೈಡ್ (ಅಂಗಡಿಯಲ್ಲಿ ಡಯಾಮಾಕ್ಸ್ ಅಂತ ಸಿಗುತ್ತದೆ) ನಿಮಗೆ ಆಗುತ್ತದಾ ಇಲ್ವಾ. ಸಲ್ಫಾ ಔಷಧಿ ಮೈಗೆ ಆಗದವರು ಇದನ್ನು ಮೊದಲೇ ಹೇಳಲೇಬೇಕು. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಅಂತ ಕನ್ನಡದಲ್ಲೇ ಒಂದು ಚೀಟಿ ಬರೆದು ಮಾತ್ರೆಗಳ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಡಿ. ಜ್ವರ ಬಂದ ರಾತ್ರಿ ಮೊಬೈಲ್‌ನಲ್ಲಿ ಫೋಟೋ ಹುಡುಕುತ್ತಾ ಕೂರುವುದು ಆಗದ ಕೆಲಸ.

ಓಆರ್‌ಎಸ್ ಕನಿಷ್ಠ ಹತ್ತು ಪ್ಯಾಕೆಟ್ ಇರಲಿ. ಕೊಳ್ಳುವಾಗ ಪ್ಯಾಕೆಟ್ ಎಷ್ಟು ನೀರಿಗೆ ಅಂತ ನೋಡಿ. ಒಂದು ಲೀಟರ್‌ಗೆ ಕಲಸುವುದೂ ಇರುತ್ತದೆ, 200 ಮಿಲಿಗೆ ಕಲಸುವುದೂ ಇರುತ್ತದೆ. ಅದಲುಬದಲಾದರೆ ಒಂದೋ ನೀರು ನೀರಾಗುತ್ತದೆ, ಇಲ್ಲವೋ ಉಪ್ಪು ಜಾಸ್ತಿಯಾಗಿ ಇನ್ನಷ್ಟು ಕೆಡಿಸುತ್ತದೆ. ಒಂದು ಥರ್ಮಾಮೀಟರ್ ಇರಲಿ. ಜ್ವರ ಇದೆಯಾ ಇಲ್ವಾ ಅನ್ನುವುದರ ಮೇಲೆ ಮುಂದಿನ ಎಷ್ಟೋ ತೀರ್ಮಾನ ನಿಂತಿರುತ್ತದೆ.

ಇನ್ನು ಅಡುಗೆಮನೆಯಿಂದ ತೆಗೆದುಕೊಂಡು ಹೋಗುವ ಗಂಟು. ಇದನ್ನು ಔಷಧಿಯಷ್ಟೇ ಮುಖ್ಯ ಅಂತ ನಾನು ಮನಸಾರೆ ಹೇಳುತ್ತೇನೆ. ಮನೆಯ ಸಾರಿನ ಪುಡಿ ನೂರು ಗ್ರಾಂ, ಚಟ್ನಿಪುಡಿ ಒಂದು ಸಣ್ಣ ಡಬ್ಬಿ, ಮೆಣಸು ಜೀರಿಗೆ ಪುಡಿ ಸ್ವಲ್ಪ, ಗೊಜ್ಜವಲಕ್ಕಿ ಎರಡು ಹೊತ್ತಿಗಾಗುವಷ್ಟು. ಎಲ್ಲ ಸೇರಿ ಅರ್ಧ ಕಿಲೋ ಕೂಡ ಆಗುವುದಿಲ್ಲ. ಎಣ್ಣೆ ಇರುವ ಉಪ್ಪಿನಕಾಯಿ ಮಾತ್ರ ಬೇಡ, ಬ್ಯಾಗಿನಲ್ಲಿ ಸೋರಿದರೆ ಸ್ಲೀಪಿಂಗ್ ಬ್ಯಾಗ್‌ಗೆ ಹಿಡಿದ ವಾಸನೆ ಕೊನೆಯವರೆಗೂ ಬಿಡುವುದಿಲ್ಲ.

ವೇಳಾಪಟ್ಟಿಯಲ್ಲಿ ಎರಡು ದಿನ ಖಾಲಿ ಬಿಡಿ. ರಜೆ ಕಮ್ಮಿ ಇದೆ ಅಂತ ಬಿಗಿಯಾಗಿ ಹಾಕಿಕೊಂಡವರೇ ಜ್ವರದಲ್ಲೂ ನಡೆಯುವುದು.

ಮನೆಯವರ ಹತ್ತಿರವೂ ಒಂದು ಮಾತು ಆಡಿಕೊಳ್ಳಿ. "ಎರಡು ಮೂರು ದಿನ ಫೋನ್ ಬರದಿದ್ದರೆ ಗಾಬರಿ ಆಗ್ಬೇಡಿ, ಅಲ್ಲಿ ಹಾಗೇ" ಅಂತ ಮೊದಲೇ ಹೇಳಿ. ಇನ್ಶೂರೆನ್ಸ್ ಮಾಡಿಸುವಾಗ 5,416 ಮೀಟರ್‌ವರೆಗಿನ ನಡಿಗೆ ಮತ್ತು ಹೆಲಿಕಾಪ್ಟರ್ ಎರಡೂ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ ನೋಡಿ. ಬೇಡದಿದ್ದರೂ ಹೆಲಿಕಾಪ್ಟರ್ ಕರೆಸಿ ಇನ್ಶೂರೆನ್ಸ್ ಹಣ ಎಳೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ಆದ್ದರಿಂದ ಕಂಪನಿಯ ನಂಬರ್ ನಿಮ್ಮ ಹತ್ತಿರವೇ ಇರಲಿ. ಮಾತಾಡುವಷ್ಟು ಎಚ್ಚರ ಇದ್ದರೆ ನೀವೇ ಮಾತಾಡಿ.

ಹಂತ 2: ಮೊದಲ ಐದು ದಿನ ನೀರು, ಕೈ, ತಟ್ಟೆ

ಹೊಟ್ಟೆ ಕೆಡುವುದು ಬಹುಪಾಲು ನೀರಿನಿಂದ ಮತ್ತು ಕೈಯಿಂದ. ಕ್ಲೋರಿನ್ ಮಾತ್ರೆ ಹಾಕಿದ ನೀರಿನಲ್ಲೂ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಜೀವಿ ಬದುಕಿ ಉಳಿಯಬಹುದು. ಕುದಿಸಿದ ನೀರೇ ವಾಸಿ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಮನಾಂಗ್‌ನಲ್ಲಿ ಸುಮಾರು 88 ಡಿಗ್ರಿಗೇ. ಅಷ್ಟು ಬಿಸಿ ಸಾಕು, ಆದರೆ 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಕುದಿಯಬೇಕು. ಲಾಡ್ಜ್ ಅಡುಗೆಮನೆಯಲ್ಲಿ ರಾತ್ರಿಯೇ ಕುದಿಸಿದ ನೀರು ಬಾಟಲಿಗೆ ತುಂಬಿಸಿಕೊಳ್ಳಿ. ಅದೇ ಬಾಟಲಿಯನ್ನು ಕಾಲುಚೀಲದೊಳಗೆ ತೂರಿಸಿ ಹೊಟ್ಟೆಗೆ ಒತ್ತಿಕೊಂಡು ಮಲಗಿದರೆ ಬೆಳಗಿನವರೆಗೂ ಬೆಚ್ಚಗಿರುತ್ತದೆ.

ಊಟಕ್ಕೆ ಮೊದಲು ಸೋಪಿನಿಂದಲೇ ಕೈ ತೊಳೆಯಿರಿ. ಸ್ಯಾನಿಟೈಸರ್ ವಾಂತಿಭೇದಿ ತರುವ ನೋರೋವೈರಸ್‌ಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ತಟ್ಟೆಗೆ ಬಂದರೆ ದಾಲ್ ಭಾತ್‌ಗಿಂತ ಒಳ್ಳೆಯದಿಲ್ಲ. ಬಿಸಿ ಬಿಸಿ ಅನ್ನ, ಬೇಳೆ, ಪಲ್ಯ, ಎಲ್ಲ ಆಗಲೇ ಬೆಂದದ್ದು. ಅನ್ನ, ಬೇಳೆ ಮುಗಿದರೆ ಮತ್ತೆ ಬಡಿಸುತ್ತಾರೆ. ಪಿಜ್ಜಾ, ಬರ್ಗರ್ ಮೆನುವಿನಲ್ಲಿ ಇರುತ್ತದೆ, ಹಸಿ ತರಕಾರಿಯ ಸಲಾಡ್ ಕೂಡ. ಆಸೆ ಪಡಬೇಡಿ. ಮಾಂಸ ಮೇಲಿನ ಊರುಗಳಿಗೆ ಕೆಳಗಿನಿಂದ ಹೊತ್ತು ಬರುತ್ತದೆ, ಎಷ್ಟು ದಿನದ್ದು ಅಂತ ಗೊತ್ತಾಗುವುದಿಲ್ಲ.

ಹಂತ 3: ಹೊಟ್ಟೆ ಕೆಟ್ಟಾಗ

ಮೊದಲ ಕೆಲಸ ನಿಲ್ಲುವುದು. ಅಂದು ನಡೆಯಬೇಡಿ. ಗೈಡ್‌ಗೆ, ಲಾಡ್ಜ್ ನಡೆಸುವ ದೀದಿಗೆ ವಿಷಯ ಹೇಳಿ. ನಮ್ಮವರಿಗೆ ಇದೊಂದು ಸಂಕೋಚ, ಭೇದಿ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ನಾನೂ ಅರ್ಧ ದಿನ ಹೇಳಲಿಲ್ಲ. ಹೇಳಿದ ಹತ್ತು ನಿಮಿಷಕ್ಕೆ ಆ ದೀದಿ ನನ್ನ ರೂಮ್ ಬದಲಾಯಿಸಿ ಟಾಯ್ಲೆಟ್ ಪಕ್ಕದ್ದು ಕೊಟ್ಟರು, ಹೊದೆಯಲು ಇನ್ನೊಂದು ರಜಾಯಿ ತಂದು ಹಾಕಿದರು.

ಆಮೇಲೆ ನೀರು. ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಒಂದೇ ಸಲ ಲೋಟ ಎತ್ತಿದರೆ ವಾಂತಿಯಾಗುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರು ಮಾಡಿ. ಪ್ಯಾಕೆಟ್ ಮುಗಿದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತುಂಬಿ ತುಳುಕಬಾರದು, ಬೆರಳಿನಿಂದ ಸಮ ಮಾಡಿ ಹಾಕಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಮೂತ್ರದ ಬಣ್ಣ ನೋಡುತ್ತಿರಿ. ತಿಳಿ ಹಳದಿಗೆ ಬಂದರೆ ನೀರು ಸಾಕಾಗುತ್ತಿದೆ ಅಂತ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಜೀಪಿನಲ್ಲಿ ಕೂರಲೇಬೇಕಾದಾಗ ಮಾತ್ರ ತೆಗೆದುಕೊಳ್ಳಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಅದನ್ನು ಮುಟ್ಟಲೇಬೇಡಿ. ಆಗ ಡಾಕ್ಟರ್ ಬರೆದುಕೊಟ್ಟ ಆಂಟಿಬಯೋಟಿಕ್ ತೆಗೆದುಕೊಳ್ಳುವ ಹೊತ್ತು ಬಂದಿದೆ, ಜೊತೆಗೆ ಡಾಕ್ಟರ್ ಇರುವ ಕಡೆ ಹೋಗುವ ಹೊತ್ತು ಕೂಡ.

ಊಟ ಯಾವಾಗ ಅಂತ ಕೇಳುತ್ತೀರಾ? ವಾಂತಿ ನಿಂತು ನಾಲ್ಕೈದು ಗಂಟೆಯಾದ ಮೇಲೆ ಸ್ವಲ್ಪ ಸ್ವಲ್ಪ. ಇಲ್ಲೇ ಆ ಗಂಟು ಬಿಚ್ಚಬೇಕಾದದ್ದು. ಪಿಸಾಂಗ್‌ನಲ್ಲಿ ಎರಡನೇ ದಿನ ಮಧ್ಯಾಹ್ನ ನಾನು ಅಡುಗೆಮನೆಗೆ ಹೋದೆ. ಅನ್ನವನ್ನು ಇನ್ನೂ ಎರಡು ಲೋಟ ನೀರು ಹಾಕಿ ಬೇಯಿಸಿ ಅಂತ ಕೈಸನ್ನೆಯಲ್ಲಿ ಕೇಳಿದೆ. ಗಂಜಿ ಆಯಿತು. ಅದಕ್ಕೆ ಉಪ್ಪು, ಚಿಟಿಕೆ ಮೆಣಸು ಜೀರಿಗೆ ಪುಡಿ ಹಾಕಿ ಒಲೆಯ ಪಕ್ಕದ ಮಣೆಯ ಮೇಲೆ ಕೂತು ಉಂಡೆ. ದೀದಿ ಪುಡಿಯ ಡಬ್ಬಿ ಮೂಸಿ ನೋಡಿ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ತಲೆಯಾಡಿಸಿದರು. ನಾಲ್ಕು ದಿನದಲ್ಲಿ ಮೊದಲ ಸಲ ಊಟ ರುಚಿಸಿತು. ಹಾಲು, ಎಣ್ಣೆಯಲ್ಲಿ ಕರಿದದ್ದು, ಕಾಫಿ ಎರಡು ಮೂರು ದಿನ ಬೇಡ.

ಮಲ ಗಟ್ಟಿಯಾಗಿ, ಎರಡು ಹೊತ್ತು ಊಟ ಹೊಟ್ಟೆಯಲ್ಲಿ ನಿಂತ ಮೇಲೆ ಮತ್ತೆ ನಡೆಯಿರಿ. ಮೊದಲ ದಿನ ಅರ್ಧ ದಾರಿ ಸಾಕು, ಬ್ಯಾಗನ್ನು ಪೋರ್ಟರ್‌ಗೆ ಕೊಡಿ.

ಹಂತ 4: ನೆಗಡಿ, ಕೆಮ್ಮು, ಮುಟ್ಟು

ಒಣಗಾಳಿಗೆ ಗಂಟಲು ಕೆರೆಯುವುದು ಎಲ್ಲರಿಗೂ ಆಗುತ್ತದೆ. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿ, ಬಿಸಿನೀರು ಕುಡಿಯಿರಿ, ಮಲಗುವ ಮೊದಲು ಆವಿ ತೆಗೆದುಕೊಳ್ಳಿ. ಜ್ವರ ಸೇರಿದರೆ ನಡೆಯಬೇಡಿ. ಹೆಣ್ಣುಮಕ್ಕಳಿಗೆ ಎತ್ತರದಲ್ಲಿ ಮುಟ್ಟಿನ ದಿನ ಹಿಂದೆ ಮುಂದೆ ಆಗಬಹುದು. ಈ ತಿಂಗಳು ಬರಲ್ಲ ಅಂತ ಲೆಕ್ಕ ಹಾಕಬೇಡಿ, ಪ್ಯಾಡ್ ಮನೆಯಿಂದಲೇ ತನ್ನಿ. ಆ ದಿನಗಳಲ್ಲಿ ಅಳು ಬಂದರೆ ಅದಕ್ಕೂ ಪ್ರಯಾಣ ನಿಲ್ಲಿಸುವ ತೀರ್ಮಾನಕ್ಕೂ ಗಂಟು ಹಾಕಬೇಡಿ.

ಹಂತ 5: ಎತ್ತರದ ಕಾಯಿಲೆ, ಇದು ಬೆಳಗಿನವರೆಗೆ ಕಾಯುವುದಿಲ್ಲ

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಅದಕ್ಕೇ ಎಲ್ಲರೂ ಮನಾಂಗ್‌ನಲ್ಲಿ ಒಂದು ದಿನ ಜಾಸ್ತಿ ಇರುವುದು. ಡಯಾಮಾಕ್ಸ್ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ. ಅದು ಮಾತ್ರೆಯ ಗುಣ, ಹೆದರಬೇಡಿ.

ತಲೆನೋವು ಬಂತು, ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಾದರೂ ಇದೆ ಅಂದರೆ, ಬೇರೆ ಕಾರಣ ಪಕ್ಕಾ ಆಗುವವರೆಗೆ ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಮೇಲೆ ಹತ್ತಬೇಡಿ. ನೀರು ಕುಡಿದು, ಪ್ಯಾರಾಸಿಟಮಾಲ್ ತೆಗೆದುಕೊಂಡು ಅಲ್ಲೇ ಇರಿ. ಪೂರ್ತಿ ಕಡಿಮೆಯಾದರೆ ಮಾತ್ರ ಮುಂದೆ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಬೆಳ್ಳುಳ್ಳಿ ಸೂಪ್ ಕುಡಿದರೆ ಸರಿಹೋಗುತ್ತದೆ ಅಂತ ಪ್ರತಿ ಲಾಡ್ಜ್‌ನಲ್ಲೂ ಹೇಳುತ್ತಾರೆ. ಬಿಸಿಯಾಗಿ ಹಿತವಾಗಿರುತ್ತದೆ, ಧಾರಾಳವಾಗಿ ಕುಡಿಯಿರಿ. ಆದರೆ ಅದನ್ನು ಔಷಧಿ ಅಂತ ನಂಬಿ ಮೇಲೆ ಹತ್ತಬೇಡಿ.

ಈಗ ಹೇಳುವ ಲಕ್ಷಣ ಕಂಡರೆ ರಾತ್ರಿ ಎರಡು ಗಂಟೆಯಾಗಿದ್ದರೂ ಕೆಳಗಿಳಿಯಬೇಕು:

1. ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಆಗದೆ ಓಲಾಡುವುದು.
2. ಮಾತು ತೊದಲುವುದು, ಸಂಬಂಧವಿಲ್ಲದ ಮಾತು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು.
3. ಸುಮ್ಮನೆ ಕೂತಿದ್ದರೂ ಏದುಸಿರು, ಎದೆಯಲ್ಲಿ ಗೊರಗೊರ ಸದ್ದು, ನೊರೆ ಅಥವಾ ಗುಲಾಬಿ ಬಣ್ಣದ ಕಫ, ನೀಲಿಗಟ್ಟಿದ ತುಟಿ.

ಮೊದಲೆರಡು ಮಿದುಳು ಊದಿಕೊಂಡಿರುವುದರ ಗುರುತು, ಮೂರನೆಯದು ಶ್ವಾಸಕೋಶದಲ್ಲಿ ನೀರು ತುಂಬಿರುವುದರ ಗುರುತು. ಎರಡೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುತ್ತವೆ. ಆ ಮನುಷ್ಯನನ್ನು ಒಂಟಿಯಾಗಿ ಇಳಿಸಬೇಡಿ, ಸಾಧ್ಯವಾದರೆ ನಡೆಸಲೂ ಬೇಡಿ. ಕುದುರೆ, ಹೊತ್ತು ಒಯ್ಯುವವರು, ಜೀಪ್, ಏನು ಸಿಕ್ಕರೆ ಅದು. ಕನಿಷ್ಠ 300 ರಿಂದ 1,000 ಮೀಟರ್ ಇಳಿಯಬೇಕು. ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಅನ್ನುವ ಔಷಧಿಗಳು, ಆಮ್ಲಜನಕ ಎಲ್ಲ ಸಮಯ ಗಳಿಸಿಕೊಡುತ್ತವೆ, ಇಳಿಯುವುದಕ್ಕೆ ಬದಲಿ ಅಲ್ಲ. ಆಕ್ಸಿಮೀಟರ್ ನಂಬರ್ ಚೆನ್ನಾಗಿದೆ ಅಂತ ಕಾಯಬೇಡಿ. ತಣ್ಣಗಾದ ಬೆರಳಿನಲ್ಲಿ ಅದು ಏನೇನೋ ತೋರಿಸುತ್ತದೆ. ಮನುಷ್ಯನನ್ನು ನೋಡಿ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಆರೋಗ್ಯ ಕೇಂದ್ರ ಇದೆ. ಚಾರಣದ ಋತುವಿನಲ್ಲಿ ಸ್ವಯಂಸೇವಕ ಡಾಕ್ಟರ್‌ಗಳು ಇರುತ್ತಾರೆ, ಮಧ್ಯಾಹ್ನ ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ. ತಪ್ಪದೆ ಹೋಗಿ. ಸಣ್ಣ ಅನುಮಾನ ಇದ್ದರೂ ಅಲ್ಲೇ ತೋರಿಸಿಕೊಳ್ಳಿ, ಮೇಲೆ ಹೋದ ಮೇಲೆ ಈ ಅನುಕೂಲ ಇಲ್ಲ.

ಹಂತ 6: ಮನೆ ನೆನಪು

ಇದು ಕಾಯಬಹುದು. ಅದಕ್ಕೇ ಇದಕ್ಕೆ ನಿಧಾನವಾಗಿ ಮದ್ದು ಮಾಡಬೇಕು.

ನೆನಪು ಬರುವ ಹೊತ್ತು ಸಾಮಾನ್ಯವಾಗಿ ಒಂದೇ. ಮಧ್ಯಾಹ್ನ ಮೂರಕ್ಕೆ ಲಾಡ್ಜ್ ತಲುಪುತ್ತೀರಿ, ಬಿಸಿಲು ಬೆಟ್ಟದ ಹಿಂದೆ ಹೋಗುತ್ತದೆ, ಚಳಿ ಕವಿಯುತ್ತದೆ, ಊಟಕ್ಕೆ ಇನ್ನೂ ಮೂರು ಗಂಟೆ ಇದೆ. ಮಾಡಲು ಕೆಲಸ ಇಲ್ಲ. ಅದೇ ಕೆಟ್ಟ ಹೊತ್ತು. ರೂಮಿನಲ್ಲಿ ಒಬ್ಬರೇ ಮಲಗಬೇಡಿ. ಮೊದಲು ಒದ್ದೆ ಬಟ್ಟೆ ಬದಲಾಯಿಸಿ, ಏನಾದರೂ ಬಿಸಿ ಕುಡಿಯಿರಿ, ಕಾಲುಚೀಲ ಒಗೆದು ಹಾಕಿ, ಅಡುಗೆಮನೆಯ ಒಲೆ ಪಕ್ಕ ಹೋಗಿ ಕೂರಿ. ಬೆಳ್ಳುಳ್ಳಿ ಬಿಡಿಸಿಕೊಡಲಾ ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೈಗೆ ಮನೆಗೆಲಸ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ.

ಫೋನ್ ವಿಷಯದಲ್ಲಿ ನನ್ನ ಅನುಭವ ಹೀಗಿದೆ. ವೈಫೈ ಸಿಕ್ಕಾಗಲೆಲ್ಲ ಮಾತಾಡಿದರೆ ನೆನಪು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ನಾನು ಅಲ್ಲಿನ ಎಂಟಕ್ಕೆ ಫೋನ್ ಮಾಡಿದರೆ ಮನೆಯಲ್ಲಿ ಎಂಟಕ್ಕೆ ಕಾಲು ಗಂಟೆ ಬಾಕಿ. ಆದರೆ ಭೇದಿಯಾದ ದಿನ, ಅಳು ಬಂದ ದಿನ ವಿಡಿಯೋ ಕಾಲ್ ಬೇಡ. ಪಿಸಾಂಗ್‌ನಿಂದ ಹಾಗೆ ಮಾಡಿದ್ದೆ. ಅಮ್ಮ ಮುಖ ನೋಡಿದ ತಕ್ಷಣ "ಯಾಕೋ ಬಾಡಿಹೋಗಿದೀಯ, ಬಂದುಬಿಡು" ಅಂದರು. ಆ ರಾತ್ರಿ ಅವರೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಮಾರನೇ ದಿನ "ಹೊಟ್ಟೆ ಕೆಟ್ಟಿತ್ತು, ಈಗ ಗಂಜಿ ಉಂಡೆ, ಇಲ್ಲೇ ಎರಡು ದಿನ ಇರ್ತೀನಿ" ಅಂತ ಧ್ವನಿ ಸಂದೇಶ ಕಳಿಸಿದೆ. ಇಬ್ಬರಿಗೂ ಸಮಾಧಾನವಾಯಿತು. ಸುಳ್ಳು ಹೇಳಬೇಡಿ. ಆದರೆ ಏನಾಗಿದೆ ಅನ್ನುವುದರ ಜೊತೆ ಏನು ಮಾಡುತ್ತಿದ್ದೀರಿ ಅನ್ನುವುದನ್ನೂ ಹೇಳಿ.

ಅಕ್ಟೋಬರ್‌ನಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಆಕಾಶ ತಿಳಿಯಾಗಿರುವ ಅತ್ಯುತ್ತಮ ಕಾಲ ಅದು, ಹಾಗೇ ದಸರಾ, ದೀಪಾವಳಿಯ ಆಸುಪಾಸು ಕೂಡ. ಆಯುಧಪೂಜೆ ದಿನ ಮನೆಯ ಗುಂಪಿನಲ್ಲಿ ಬೂದುಗುಂಬಳಕಾಯಿ, ಚೆಂಡುಹೂವಿನ ಹಾರ ಹಾಕಿದ ಸ್ಕೂಟರಿನ ಫೋಟೋ ಬರುತ್ತದೆ. ನೀವು ಚಳಿಯಲ್ಲಿ ಒಬ್ಬರೇ ನೂಡಲ್ಸ್ ತಿನ್ನುತ್ತಿರುತ್ತೀರಿ. ಯಾವ ಹಬ್ಬ ಯಾವ ಊರಿನಲ್ಲಿ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ನೇಪಾಳದಲ್ಲೂ ಅದು ದೊಡ್ಡ ಹಬ್ಬವೇ, ದಶೈಂ ಅನ್ನುತ್ತಾರೆ. ವಿಜಯದಶಮಿ ದಿನ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಹಣೆಗೆ ಹಚ್ಚಿ ಹರಸುತ್ತಾರೆ. ದೀಪಾವಳಿಗೆ ತಿಹಾರ್ ಅನ್ನುತ್ತಾರೆ, ಒಂದು ದಿನ ನಾಯಿಗಳ ಕೊರಳಿಗೆ ಹಾರ ಹಾಕುತ್ತಾರೆ. ಮನಾಂಗ್ ಕಡೆ ಹೆಚ್ಚಿನವರು ಬೌದ್ಧರು, ಎಲ್ಲ ಮನೆಯಲ್ಲೂ ಈ ಹಬ್ಬ ಇರುವುದಿಲ್ಲ. ಆದರೆ ಗೈಡ್, ಪೋರ್ಟರ್, ಅಡುಗೆಯವರು ಎಷ್ಟೋ ಜನ ಹಬ್ಬದ ದಿನ ತಮ್ಮ ಮನೆ ಬಿಟ್ಟು ನಿಮ್ಮ ಜೊತೆ ಇರುತ್ತಾರೆ. "ದಾಯಿ (ಅಣ್ಣಾ), ನಿಮ್ಮ ಮನೇಲಿ ಇವತ್ತು ಏನು ಅಡುಗೆ?" ಅಂತ ಕೇಳಿ ನೋಡಿ. ನಮ್ಮ ಗೈಡ್ ಫೋನ್ ತೆಗೆದು ಮಗಳ ಹಣೆಯ ಟೀಕಾ ತೋರಿಸಿದರು, ನಾನು ನಮ್ಮನೆ ಗೊಂಬೆ ತೋರಿಸಿದೆ.

ಮುಂದೆ ಇಡೀ ದಾರಿಯನ್ನು ನೆನೆಸಿಕೊಳ್ಳಬೇಡಿ. "ಇನ್ನೂ ಒಂಬತ್ತು ದಿನ" ಅನ್ನುವ ಲೆಕ್ಕವೇ ಎದೆ ಒಡೆಯುತ್ತದೆ. ಮುಂದಿನ ಚಹಾ ಎಲ್ಲಿ, ಅಷ್ಟೇ ಯೋಚಿಸಿ.

ಹಂತ 7: ಮುಂದುವರಿಯಬೇಕಾ, ಇಳಿಯಬೇಕಾ

ಐದನೇ ಹಂತದಲ್ಲಿ ಅಂಕಿ ಹಾಕಿ ಹೇಳಿದ ಮೂರು ಲಕ್ಷಣಗಳಲ್ಲಿ ಒಂದಾದರೂ ಇದ್ದರೆ ಈ ಪ್ರಶ್ನೆಯೇ ಇಲ್ಲ, ಇಳಿಯಿರಿ. ಇಲ್ಲದಿದ್ದರೆ ರಾತ್ರಿ, ಹಸಿದ ಹೊಟ್ಟೆಯಲ್ಲಿ, ಜ್ವರದಲ್ಲಿ ತೀರ್ಮಾನ ಮಾಡಬೇಡಿ. ಒಂದು ನಿದ್ದೆ, ಎರಡು ಊಟ, ಬಿಸಿಲಿನಲ್ಲಿ ಒಂದು ಗಂಟೆ ಆಗಲಿ. ಆಮೇಲೂ ಮನಸ್ಸು ಮನೆಗೇ ಎಳೆಯುತ್ತಿದ್ದರೆ, ನಡೆಯುವ ಆಸೆಯೇ ಸತ್ತುಹೋಗಿದ್ದರೆ ಇಳಿಯಿರಿ. ಅದೂ ಸರಿಯಾದ ತೀರ್ಮಾನವೇ. ಮನಾಂಗ್‌ವರೆಗೆ ಜೀಪ್ ರಸ್ತೆ ಇದೆ, ಇಳಿಯುವುದು ಸುಲಭ. ಕಣಿವೆ ದಾಟಿದ ಮೇಲೆ ಮುಕ್ತಿನಾಥದಿಂದ ಮತ್ತೆ ರಸ್ತೆ ಸಿಗುತ್ತದೆ. ಕಷ್ಟ ಇರುವುದು ಇವೆರಡರ ನಡುವೆ. ಹಾಗಾಗಿ ಹೋಗಬೇಕಾ ಬೇಡವಾ ಅನ್ನುವುದನ್ನು ಮನಾಂಗ್‌ನಲ್ಲೇ ಗಟ್ಟಿ ಮಾಡಿಕೊಳ್ಳಿ. 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತದಿಂದ ಥೊರೊಂಗ್ ಲಾ ಸೇರಿದಂತೆ ಈ ಭಾಗದಲ್ಲೆಲ್ಲ ಹಿಮ ಸುರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅರ್ಧಂಬರ್ಧ ಹುಷಾರಾದ ಮೈಯಲ್ಲಿ, ಹವಾಮಾನ ಕೆಟ್ಟಿರುವ ದಿನ ಮೇಲೆ ಹೋಗಲೇಬೇಡಿ.

ಮುಕ್ತಿನಾಥದಲ್ಲಿ 108 ಧಾರೆಗಳ ಕೆಳಗೆ ಕನ್ನಡ ಕೇಳಿಸಿದರೆ ಆಶ್ಚರ್ಯ ಪಡಬೇಡಿ. ನಮ್ಮ ಕಡೆಯ ಎಷ್ಟೋ ದೇವರ ಮನೆಗಳಲ್ಲಿರುವ ಸಾಲಿಗ್ರಾಮ ಇಲ್ಲಿನ ಕಾಳಿಗಂಡಕಿ ನದಿಯದ್ದು, ಅದಕ್ಕೆ ಯಾತ್ರೆಯವರು ಬರುತ್ತಾರೆ. ಅವರಿಗೂ ಈ ಬರಹದ ಐದನೇ ಹಂತ ಬೇಕು. ಪೋಖರಾದಿಂದ ವಿಮಾನದಲ್ಲಿ ಜೋಮ್‌ಸೋಮ್, ಅಲ್ಲಿಂದ ಜೀಪಿನಲ್ಲಿ ಒಂದೇ ದಿನಕ್ಕೆ ಸುಮಾರು 3,700 ಮೀಟರ್ ಮೇಲೆ ಬಂದವರಿಗೆ ಮೈ ಒಗ್ಗಲು ಸಮಯವೇ ಸಿಕ್ಕಿರುವುದಿಲ್ಲ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ಉಳಿಸಿ, ದರ್ಶನ ಮಾಡಿಸಿ ಅಂದೇ ಕೆಳಗೆ ಕರೆತನ್ನಿ.

ಹಂತ 8: ಮನೆಗೆ ಬಂದ ಮೇಲೆ

ಒಂದೆರಡು ವಾರದ ಮೇಲೆ ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಜಿಡ್ಡು ಜಿಡ್ಡಾದ ಭೇದಿ ಶುರುವಾದರೆ ಅದು ಜಿಯಾರ್ಡಿಯಾ ಅನ್ನುವ ಪರಾವಲಂಬಿ ಜೀವಿ ಇರಬಹುದು. ದಾರಿಯಲ್ಲಿ ಕುಡಿದ ನೀರಿನಿಂದ ಬಂದು ಒಂದರಿಂದ ಎರಡು ವಾರ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಹೋಟೆಲ್ ಊಟದ್ದು ಅಂತ ಬಿಡಬೇಡಿ. ನೇಪಾಳಕ್ಕೆ ಹೋಗಿದ್ದೆ ಅಂತ ಡಾಕ್ಟರ್‌ಗೆ ಹೇಳಿ ಮಲ ಪರೀಕ್ಷೆ ಮಾಡಿಸಿ. ಒಂದು ಸಲದ ಪರೀಕ್ಷೆಯಲ್ಲಿ ಸಿಗದೆಯೂ ಇರಬಹುದು, ಎರಡು ಮೂರು ದಿನದ ಮಾದರಿ ಕೊಡಿ.